ಮುಚ್ಚಳ ತೆರೆಯದೆಯೇ ಗೂಡಿನ ಸಂಸಾರ ನೋಡಿ

ಕೈತೋಟದ ಗೋಡೆಗೆ ಗೂಡುಪೆಟ್ಟಿಗೆ ತೂಗುಹಾಕುವುದು ಒಂದು ಮಧ್ಯಾಹ್ನದ ಕೆಲಸ. ಅದರೊಳಗಿನ ಸಂಸಾರವನ್ನು ಹಕ್ಕಿಗೆ ಕಿರುಕುಳವಾಗದಂತೆ ನೋಡುವುದು ಮಾತ್ರ ತಾಳ್ಮೆಯಿಂದ ಕಲಿಯಬೇಕಾದ ವಿದ್ಯೆ. ಸ್ವಲ್ಪ ಪಳಗಿದರೆ ಜಗಲಿಯ ಮೇಲೆ ಕುಳಿತೇ ಒಳಗೆ ಮೊಟ್ಟೆಯಿದೆಯೋ ಮರಿಯಿದೆಯೋ ಹೇಳಬಹುದು.

ಯಾರಿಗೆ ಈ ಪೆಟ್ಟಿಗೆ?

ಎಲ್ಲ ಹಕ್ಕಿಗಳೂ ಪೆಟ್ಟಿಗೆಗೆ ಬರುವುದಿಲ್ಲ. ಪಿಕಳಾರ, ಸೂರಕ್ಕಿ, ಸಿಂಪಿಗಗಳಿಗೆ ಪೊದೆ, ಬಳ್ಳಿ, ಅಗಲ ಎಲೆಗಳೇ ಬೇಕು. ಅವುಗಳಿಗಾಗಿ ದಾಸವಾಳವನ್ನು ಆಗಾಗ ಕತ್ತರಿಸದೆ ಬಿಟ್ಟರೆ ಸಾಕು. ಕುಟ್ರ ಹಕ್ಕಿ ಒಣಗಿದ ಕೊಂಬೆಯನ್ನು ತಾನೇ ಕೊರೆದುಕೊಳ್ಳುತ್ತದೆ. ಪೊಟರೆಯನ್ನೋ ಗೋಡೆಯ ಸಂದನ್ನೋ ಹುಡುಕುವ ಗುಬ್ಬಚ್ಚಿ, ಮಡಿವಾಳ, ಚೇಕಡಿ, ಗೊರವಂಕಗಳು ನಮ್ಮ ಪೆಟ್ಟಿಗೆಯನ್ನು ಒಪ್ಪಬಹುದು.

ಇವುಗಳಲ್ಲಿ ಯಾವುದು ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ತೂತಿನ ಅಳತೆಯೇ ತೀರ್ಮಾನಿಸುತ್ತದೆ. ಚೇಕಡಿಗೆ 28 ಮಿಲಿಮೀಟರ್ ಅಗಲ ಸಾಕು. ಗುಬ್ಬಚ್ಚಿಗೆ 32ರಿಂದ 35 ಇರಲಿ. ಮಡಿವಾಳಕ್ಕೆ ಐದಾರು ಸೆಂಟಿಮೀಟರ್ ಬೇಕು, ಆದರೆ ಅಷ್ಟು ದೊಡ್ಡ ಬಾಗಿಲಿಗೆ ಗೊರವಂಕವೂ ಅಳಿಲೂ ಹಕ್ಕು ಸಾಧಿಸಲು ಬರುತ್ತವೆ.

ಪೆಟ್ಟಿಗೆಯ ತಯಾರಿ

ಸುಮಾರು ಎರಡು ಸೆಂಟಿಮೀಟರ್ ದಪ್ಪದ ಹಲಗೆ ಒಳ್ಳೆಯದು. ತಗಡು ನಮ್ಮ ಏಪ್ರಿಲ್ ಬಿಸಿಲಿಗೆ ಕಾದು ಮರಿಗಳ ಜೀವಕ್ಕೆ ಕುತ್ತು ತರುತ್ತದೆ. ಅಗ್ಗದ ಪ್ಲೈವುಡ್ ಮಳೆಗೆ ಪದರ ಬಿಡುತ್ತದೆ. ಗುಬ್ಬಚ್ಚಿಗಾದರೆ ಒಳಗಿನ ತಳ 12 ಸೆಂಟಿಮೀಟರ್ ಚೌಕ, ಎತ್ತರ 25 ಸೆಂಟಿಮೀಟರ್. ತೂತು ತಳದಿಂದ 15 ಸೆಂಟಿಮೀಟರಿಗಿಂತ ಮೇಲಿರಲಿ, ಬೆಕ್ಕಿನ ಪಂಜ ಅಷ್ಟು ಆಳಕ್ಕೆ ಸುಲಭವಾಗಿ ಇಳಿಯದು. ಒಳಮೈಗೆ ಬಣ್ಣವನ್ನೂ ಪಾಲಿಶನ್ನೂ ಹಚ್ಚಬೇಡಿ. ತೂತಿನ ಕೆಳಗೆ, ಒಳಭಾಗದಲ್ಲಿ ಗರಗಸದಿಂದ ನಾಲ್ಕೈದು ಗೀರು ಹಾಕಿದರೆ ಮರಿಗಳು ಕಾಲೂರಿ ಹತ್ತಿ ಬರುತ್ತವೆ. ತಳದಲ್ಲಿ ನೀರು ಬಸಿಯಲು, ಮಾಡಿನ ಕೆಳಗೆ ಗಾಳಿಯಾಡಲು ಸಣ್ಣ ರಂಧ್ರಗಳು ಬೇಕು.

ಅಂಗಡಿಯ ಪೆಟ್ಟಿಗೆಗಳಲ್ಲಿ ತೂತಿನ ಮುಂದೆ ಒಂದು ಕಡ್ಡಿ ಚಾಚಿರುತ್ತದೆ. ಅದನ್ನು ಕಿತ್ತುಹಾಕಿ. ಗುಬ್ಬಚ್ಚಿಗೆ ಅದರ ಅಗತ್ಯವೇ ಇಲ್ಲ. ಕಾಗೆಗೆ ಮಾತ್ರ ಅದು ಕುಳಿತು ಇಣುಕುವ ಮಣೆ.

ಗುಬ್ಬಚ್ಚಿಯ ಪೆಟ್ಟಿಗೆಗೆ ಮನೆಯ ಸೂರಿನ ಕೆಳಗೆ, ಮೂರು ಮೀಟರ್ ಎತ್ತರದ ಜಾಗ ಹೇಳಿ ಮಾಡಿಸಿದ್ದು. ಮುಂಗಾರು ನೈರುತ್ಯದಿಂದ ಬಡಿಯುತ್ತದೆ, ಸಂಜೆಬಿಸಿಲು ಪಶ್ಚಿಮದಿಂದ ಸುಡುತ್ತದೆ. ಹಾಗಾಗಿ ಬಾಗಿಲು ಪೂರ್ವಕ್ಕೋ ಈಶಾನ್ಯಕ್ಕೋ ಇರಲಿ. ಗುಬ್ಬಚ್ಚಿಗಳು ಅಕ್ಕಪಕ್ಕದಲ್ಲೇ ಒಕ್ಕಲು ಹೂಡುತ್ತವೆ, ಎರಡು ಮೂರು ಪೆಟ್ಟಿಗೆ ಹಾಕಬಹುದು. ಮಡಿವಾಳ ತನ್ನ ಸೀಮೆಯೊಳಗೆ ಇನ್ನೊಂದು ಜೋಡಿಯನ್ನು ಸಹಿಸುವುದಿಲ್ಲ, ಅದಕ್ಕೆ ಒಂದೇ ಸಾಕು.

ನೋಡುವ ಬಗೆ

ಹಕ್ಕಿ ಹುಲ್ಲುಕಡ್ಡಿ ಕಚ್ಚಿಕೊಂಡು ಬಂದ ದಿನವನ್ನು ಪುಸ್ತಕದಲ್ಲಿ ಬರೆದಿಡಿ. ಹತ್ತು ಮೀಟರ್ ದೂರದಲ್ಲಿ ಕುರ್ಚಿ ಹಾಕಿಕೊಂಡು, ಬೆಳಿಗ್ಗೆ ಒಂದು ಅರ್ಧ ಗಂಟೆ ಕುಳಿತರೆ ಎಷ್ಟೋ ತಿಳಿಯುತ್ತದೆ. ದುರ್ಬೀನು ಇದ್ದರೆ ಇನ್ನೂ ಒಳ್ಳೆಯದು. ನೀವಿರುವಾಗ ಹಕ್ಕಿ ಕೊಕ್ಕಿನಲ್ಲಿ ಹುಳು ಹಿಡಿದು ಒಳಗೆ ಹೋಗದೆ ಎದುರಿನ ತಂತಿಯ ಮೇಲೆ ಕೂಗುತ್ತಲೇ ಇದ್ದರೆ ನೀವು ತೀರಾ ಹತ್ತಿರವಿದ್ದೀರಿ ಎಂದರ್ಥ. ತಕ್ಷಣ ಹಿಂದೆ ಸರಿಯಿರಿ.

ಮಡಿವಾಳವನ್ನೇ ನೋಡೋಣ. ಕಪ್ಪು ಬಿಳುಪಿನ ಗಂಡು ತೆಂಗಿನ ಗರಿಯ ತುದಿಯಲ್ಲಿ ನಸುಕಿನಿಂದಲೇ ಹಾಡುತ್ತಿರುತ್ತದೆ. ಗೂಡು ಕಟ್ಟುತ್ತಿದ್ದ ಬೂದು ಬಣ್ಣದ ಹೆಣ್ಣು ಇದ್ದಕ್ಕಿದ್ದಂತೆ ಅಪರೂಪವಾಗುತ್ತದೆ. ಕಾವು ಕೂರುವುದು ಹೆಣ್ಣು ಮಾತ್ರ, ಹಾಗಾಗಿ ಒಳಗೆ ಮೊಟ್ಟೆಗಳಿವೆ ಎಂದು ತಿಳಿಯಿರಿ. ಸುಮಾರು ಹನ್ನೆರಡು ದಿನಗಳ ನಂತರ ಕೊಕ್ಕಿನಲ್ಲಿ ಹುಳುಗಳು ಬರತೊಡಗುತ್ತವೆ. ಮರಿಗಳು ಎಳೆಯವಾಗಿದ್ದಾಗ ಬರುವುದು ಸಣ್ಣ, ಮೆತ್ತನೆಯ ಹುಳು. ಬೆಳೆದಂತೆ ಮಿಡತೆ, ಜೇಡಗಳೂ ಬರುತ್ತವೆ.

ಹಕ್ಕಿ ಹೊರಬರುವಾಗ ಕೊಕ್ಕನ್ನು ಗಮನಿಸಿ. ಬಿಳಿಯ, ತುದಿಯಲ್ಲಿ ಕಪ್ಪಾದ, ಪೊರೆಯಲ್ಲಿ ಸುತ್ತಿದ ಸಣ್ಣ ಗಂಟೊಂದನ್ನು ಕಚ್ಚಿಕೊಂಡು ದೂರ ಹಾರಿ ಎಸೆಯುವುದು ಕಾಣುತ್ತದೆ. ಅದು ಮರಿಯ ಹಿಕ್ಕೆ. ಪೊರೆಯಿರುವುದರಿಂದ ಗೂಡು ಕೊಳೆಯಾಗುವುದಿಲ್ಲ, ವಾಸನೆ ಹಿಡಿದು ಬರುವ ಶತ್ರುಗಳಿಗೆ ಸುಳಿವೂ ಸಿಗುವುದಿಲ್ಲ. ಒಳಗೆ ಮರಿಗಳಿವೆ ಎನ್ನಲು ಇದಕ್ಕಿಂತ ಬಲವಾದ ಸಾಕ್ಷಿ ಬೇಡ.

ಇಷ್ಟೆಲ್ಲ ಹೊರಗಿನಿಂದಲೇ ತಿಳಿಯುವಾಗ ಮುಚ್ಚಳ ಎತ್ತುವ ಆಸೆಯನ್ನು ಬಿಟ್ಟುಬಿಡಿ. ಗರಿ ಬಲಿಯುತ್ತಿರುವ ಮರಿಗಳು ಗಾಬರಿಯಾದರೆ ಹಾರಲು ಬರುವ ಮೊದಲೇ ಹೊರಗೆ ಜಿಗಿಯುತ್ತವೆ, ಮತ್ತೆ ಒಳಗೆ ನಿಲ್ಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳನ್ನು ಕೆದಕುವುದನ್ನು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಒಳಗಿನದನ್ನು ನೋಡಲೇಬೇಕೆಂದರೆ ಹಕ್ಕಿ ಬರುವ ಮೊದಲೇ ಮಾಡಿನ ಒಳಬದಿಗೆ ಪುಟ್ಟ ಇನ್‌ಫ್ರಾರೆಡ್ ಕ್ಯಾಮೆರಾ ಕೂರಿಸಿ, ಮೊಬೈಲಿನಲ್ಲಿ ನೋಡಿ. ಫ್ಲ್ಯಾಶ್ ಬೇಡವೇ ಬೇಡ.

ಗುಬ್ಬಚ್ಚಿಯದೂ ಹೆಚ್ಚುಕಡಿಮೆ ಇದೇ ಲೆಕ್ಕ: ಕಾವಿಗೆ ಸುಮಾರು ಹನ್ನೆರಡು ದಿನ, ಮರಿ ಹಾರಲು ಮತ್ತೆ ಎರಡು ವಾರ. ಅಕ್ಕಿಕಾಳು ಹಾಕಿದರೆ ಮರಿಗಳ ಹೊಟ್ಟೆ ತುಂಬುತ್ತದೆಂಬುದು ತಪ್ಪು ತಿಳಿವಳಿಕೆ. ಎಳೆಯ ಮರಿಗಳಿಗೆ ಹುಳುಗಳೇ ಆಹಾರ. ತೋಟಕ್ಕೆ ಕೀಟನಾಶಕ ಸಿಂಪಡಿಸುವವರು ಗೂಡುಪೆಟ್ಟಿಗೆ ಇಡದಿರುವುದೇ ಮೇಲು.

ಮರಿ ನೆಲದ ಮೇಲೆ ಕಂಡರೆ

ಮೈತುಂಬ ಗರಿಯಿದ್ದು ಕುಪ್ಪಳಿಸುತ್ತಿದ್ದರೆ ಅದು ಅನಾಥವಲ್ಲ, ತಾಯ್ತಂದೆ ಅಲ್ಲೇ ಎಲ್ಲೋ ಇರುತ್ತವೆ. ಹತ್ತಿರದ ಪೊದೆಯ ಮೇಲೆ ಕೂರಿಸಿ, ಬೆಕ್ಕು ನಾಯಿಗಳನ್ನು ಒಳಗೆ ಕಟ್ಟಿ ದೂರ ಹೋಗಿ. ಗರಿಯೇ ಮೂಡದ ಮರಿಯಾದರೆ ಮೆಲ್ಲಗೆ ಎತ್ತಿ ಗೂಡಿಗೇ ಸೇರಿಸಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲವೆಂಬ ಮಾತಿಗೆ ಆಧಾರವಿಲ್ಲ.

ಮರಿಗಳು ಹಾರಿಹೋದ ಕೂಡಲೇ ಪೆಟ್ಟಿಗೆ ಇಳಿಸಬೇಡಿ, ಗುಬ್ಬಚ್ಚಿ ಅದೇ ಗೂಡಿನಲ್ಲಿ ಮತ್ತೊಮ್ಮೆ ಮೊಟ್ಟೆಯಿಡಬಹುದು. ಹಲವು ವಾರ ಯಾರೂ ಸುಳಿಯದಿದ್ದರೆ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಹಳೆಯ ಗೂಡನ್ನು ತೆಗೆಯಿರಿ. ಕುದಿಯುವ ನೀರು ಸುರಿದು ಉಣ್ಣಿಗಳನ್ನು ಸಾಯಿಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಮಡಿವಾಳ ಮಾರ್ಚ್ ಹೊತ್ತಿಗೆ ಗೂಡು ಹುಡುಕುತ್ತದೆ, ಆದ್ದರಿಂದ ಜನವರಿಯೊಳಗೆ ಪೆಟ್ಟಿಗೆ ಮತ್ತೆ ಅದೇ ಮೊಳೆಗೆ ಏರಿರಲಿ.