ಪೆಟ್ಟಿಗೆಯ ಮೇಲಿನ ಸಂಖ್ಯೆ ಬಿಡಿ, ಬೋಲ್ಟಿನ ತಲೆ ನೋಡಿ

ಮಾರುತಿ ಕಾರಿನ ಬಾನೆಟ್ ಎತ್ತಿದರೆ ಕೈಗೆ ಸಿಗುವ ಬೋಲ್ಟುಗಳಲ್ಲಿ ಬಹುಪಾಲು ತಲೆಯ ಅಗಲದಲ್ಲಿ ನಾಲ್ಕೇ ಅಳತೆಯವು: 8, 10, 12 ಮತ್ತು 14 ಮಿಲಿಮೀಟರ್. ಕಾರಿನ ಕೆಳಭಾಗದಲ್ಲಿ 17 ಸೇರಿಕೊಳ್ಳುತ್ತದೆ, ಚಕ್ರದ ನಟ್ಟಿಗೆ 19 ಬೇಕು. ನನ್ನ ಹಳೆಯ ವ್ಯಾಗನ್ ಆರ್‌ನ ಸಣ್ಣಪುಟ್ಟ ಕೆಲಸಗಳನ್ನು ಅಂಗಳದಲ್ಲೇ ಮಾಡಿಕೊಳ್ಳೋಣ ಎಂದುಕೊಂಡಾಗ ಉಪಕರಣ ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಈ ಪಟ್ಟಿಯನ್ನು ಬರೆದಿಟ್ಟುಕೊಂಡೆ. ಅದೇ ನನ್ನ ಹಣ ಉಳಿಸಿತು.

ಈ ಪಟ್ಟಿ ಎಲ್ಲ ಕಾರಿಗೂ ಹೊಂದುವುದಿಲ್ಲ. ಎಂಟು ಮಿಲಿಮೀಟರ್ ದಪ್ಪದ ಬೋಲ್ಟಿಗೆ ಜಪಾನಿನ ರೂಢಿಯಲ್ಲಿ 12ರ ತಲೆ ಇರುತ್ತದೆ, ಜರ್ಮನಿಯ ರೂಢಿಯಲ್ಲಿ 13ರದ್ದು. ಹತ್ತು ಮಿಲಿಮೀಟರ್ ದಪ್ಪದ್ದಕ್ಕೆ ಜಪಾನಿನದರಲ್ಲಿ 14, ಜರ್ಮನಿಯದರಲ್ಲಿ 16 ಅಥವಾ 17. ಹಾಗಾಗಿ ಪಕ್ಕದ ಮನೆಯವರ ಟಾಟಾ ಕಾರಿಗೆ ಕೈಹಾಕಿದಾಗ ನನ್ನ 12ರ ಸಾಕೆಟ್ (ಬೋಲ್ಟಿನ ತಲೆಗೆ ಟೊಪ್ಪಿಯಂತೆ ತೊಡಿಸುವ ಉಪಕರಣ) ಸುಮ್ಮನೆ ಕೂತಿತು, 13ನ್ನು ಹುಡುಕಬೇಕಾಯಿತು. ಫೋಕ್ಸ್‌ವ್ಯಾಗನ್, ಸ್ಕೋಡಾ ಇದ್ದವರಿಗೆ ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್‌ಗಳೂ ಬೇಕಾಗುತ್ತವೆ. ಮೊದಲು ನಿಮ್ಮ ಕಾರು, ಆಮೇಲೆ ಉಪಕರಣ.

ಆನ್‌ಲೈನ್‌ನಲ್ಲಿ ಎಲ್ಲರ ಕಣ್ಣಿಗೂ ಬೀಳುವುದು 46 ತುಂಡುಗಳ ಆ ಪ್ಲಾಸ್ಟಿಕ್ ಪೆಟ್ಟಿಗೆ. ಬೆಲೆ ಸಾವಿರದೊಳಗೆ. ತೆರೆದು ಎಣಿಸಿದರೆ ಸಾಕೆಟ್‌ಗಳು ಹದಿಮೂರು, 4ರಿಂದ 14 ಮಿಲಿಮೀಟರ್‌ವರೆಗೆ. ಉಳಿದವುಗಳಲ್ಲಿ ಹೆಚ್ಚಿನವು ಸ್ಕ್ರೂಡ್ರೈವರ್ ಬಿಟ್‌ಗಳು. ನಾಲ್ಕೂವರೆ, ಐದೂವರೆ ಮಿಲಿಮೀಟರಿನ ಸಾಕೆಟ್‌ಗೆ ನನ್ನ ಕಾರಿನಲ್ಲಿ ಎಲ್ಲಿಯೂ ಕೆಲಸ ಸಿಕ್ಕಿಲ್ಲ. ಚಕ್ರದ ನಟ್ಟಿಗೆ ಬೇಕಾದ 19 ಅದರಲ್ಲಿ ಇಲ್ಲವೇ ಇಲ್ಲ. ಇದ್ದರೂ, ಸಾಕೆಟ್ ಸಿಕ್ಕಿಸಿ ತಿರುಗಿಸುವ, ಕಾಲು ಇಂಚಿನ ಚೌಕ ತುದಿಯ ರ‍್ಯಾಚೆಟ್ ಆ ಬಲವನ್ನು ತಡೆಯುವುದಿಲ್ಲ. ಆದರೂ ನಾನು ಒಂದನ್ನು ಕೊಂಡೆ, ಅದಕ್ಕೆ ಕಾರಣವಿದೆ. ಬ್ಯಾಟರಿಯ ಟರ್ಮಿನಲ್, ಏರ್ ಫಿಲ್ಟರ್ ಡಬ್ಬಿ, ಹೆಡ್‌ಲೈಟ್ ಸುತ್ತಲಿನ 10ರ ಬೋಲ್ಟುಗಳಿಗೆ ಸಣ್ಣ ರ‍್ಯಾಚೆಟ್ಟೇ ಸರಿ. ಇಕ್ಕಟ್ಟಿನಲ್ಲಿ ದೊಡ್ಡದು ಹೋಗುವುದಿಲ್ಲ, ಹೋದರೆ ಸಣ್ಣ ಬೋಲ್ಟನ್ನು ತಿರುಚಿ ಮುರಿಯುತ್ತದೆ. ಅದು ಇಡೀ ಕಾರಿಗೆ ಸಾಕು ಎಂದುಕೊಳ್ಳಬಾರದು, ಅಷ್ಟೇ.

ಬಲ ಬೇಕಾದ ಕಡೆಗೆ ಅರ್ಧ ಇಂಚಿನ ಚೌಕ ತುದಿಯವು. ಇವನ್ನು ಪೆಟ್ಟಿಗೆಯಾಗಿ ಕೊಳ್ಳದೆ ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಆರಿಸಿಕೊಂಡೆ: 12, 14, 17, 19ರ ಸಾಕೆಟ್‌ಗಳು, ಒಂದು ರ‍್ಯಾಚೆಟ್, ಬಿಗಿದ ನಟ್ಟನ್ನು ಸಡಿಲಿಸಲು ರ‍್ಯಾಚೆಟ್ ಇಲ್ಲದ ಒಂದು ಉದ್ದನೆಯ ಹಿಡಿ. ಅಂಗಡಿಯವರು ರೂಢಿಯಂತೆ ಹನ್ನೆರಡು ಮೂಲೆಯ ಸಾಕೆಟ್ ತೆಗೆದಿಟ್ಟರು. ಆರು ಮೂಲೆಯದೇ ಬೇಕು ಎಂದೆ. “ಗ್ಯಾರೇಜಿಗೋ, ಮನೆಗೋ?” ಎಂದು ಕೇಳಿ ಒಳಗಿನಿಂದ ತಂದುಕೊಟ್ಟರು.

ಈ ಹಟಕ್ಕೆ ಕರಾವಳಿಯ ಹವೆಯೇ ಕಾರಣ. ಉಪ್ಪುಗಾಳಿ, ತಿಂಗಳುಗಟ್ಟಲೆ ಮಳೆ. ಇಲ್ಲಿ ಕಾರಿನ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದು ಮೈ ಕಳೆದುಕೊಂಡಿರುತ್ತವೆ. ಹನ್ನೆರಡು ಮೂಲೆಯ ಸಾಕೆಟ್ ನಟ್ಟಿನ ಮೂಲೆಗಳ ಅಂಚನ್ನು ಮಾತ್ರ ಹಿಡಿಯುತ್ತದೆ, ಜೋರು ಹಾಕಿದರೆ ಅಂಚು ಸವೆದು ತಲೆ ಉರುಟಾಗುತ್ತದೆ. ಆರು ಮೂಲೆಯದು ನಟ್ಟಿನ ಚಪ್ಪಟೆ ಮೈಯನ್ನು ಒತ್ತಿ ಹಿಡಿಯುತ್ತದೆ. ತಲೆ ಉರುಟಾದ ಬೋಲ್ಟನ್ನು ಹೊರತೆಗೆಯುವ ಖರ್ಚಿನಲ್ಲಿ ಇನ್ನೊಂದು ಸಾಕೆಟ್ ಬರುತ್ತದೆ. ಹಟಮಾರಿ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟರೆ ಬೆಳಿಗ್ಗೆ ಅರ್ಧ ಜಗಳ ಮುಗಿದಿರುತ್ತದೆ.

ಸ್ಪ್ಯಾನರ್‌ಗಳಲ್ಲಿ ಟಪಾರಿಯಾ ಕಂಪನಿಯ ರಿಂಗ್ ಸ್ಪ್ಯಾನರ್ ಸೆಟ್ ತೆಗೆದುಕೊಂಡೆ. ನಾಸಿಕದಲ್ಲಿ ತಯಾರಾಗುವ ಇವು ಕ್ರೋಮ್ ವನೇಡಿಯಂ ಉಕ್ಕಿನವು, ಹೆಚ್ಚಿನ ಗ್ಯಾರೇಜುಗಳಲ್ಲಿ ಕಾಣಿಸುತ್ತವೆ. ಎಂಟು ತುಂಡುಗಳ ಸೆಟ್‌ನಲ್ಲಿ 10-11, 12-13, 14-15, 16-17, 18-19 ಹೀಗೆ ಜೋಡಿ ಅಳತೆಗಳಿರುವುದರಿಂದ ಜಪಾನಿ, ಜರ್ಮನ್ ಎರಡೂ ರೂಢಿಗೆ ಒದಗುತ್ತದೆ. ಬಾಯಿ ತೆರೆದ ಸ್ಪ್ಯಾನರ್ ಎರಡೇ ಸಾಕಾದವು. ರಸ್ತೆಬದಿಯಲ್ಲಿ ತೂಕಕ್ಕೆ ಮಾರುವ, ಬಾಯಿ ಅಗಲವಾಗುವ ಸ್ಪ್ಯಾನರ್‌ಗಳನ್ನು ಉಚಿತವಾಗಿ ಕೊಟ್ಟರೂ ನಾನು ಮುಟ್ಟುವುದಿಲ್ಲ.

ಸ್ಪಾರ್ಕ್ ಪ್ಲಗ್‌ಗೆ ಬೇರೆ ಸಾಕೆಟ್ ಬೇಕು. ನನ್ನ ಕಾರಿನ ಕೆ10 ಎಂಜಿನ್‌ಗೆ 16 ಮಿಲಿಮೀಟರಿನದು, ಒಳಗೆ ಪ್ಲಗ್ ಹಿಡಿದಿಡುವ ರಬ್ಬರ್ ಅಥವಾ ಆಯಸ್ಕಾಂತ ಇರುವುದು. ಪ್ಲಗ್ ಆಳದ ಬಾವಿಯೊಳಗಿರುವುದರಿಂದ ಉದ್ದನೆಯ ಎಕ್ಸ್‌ಟೆನ್ಷನ್ ಕೂಡ ಬೇಕು. ಹಳೆಯ ಮಾರುತಿ 800 ಇದ್ದವರು 21ರದ್ದನ್ನು ಕೇಳಬೇಕು.

ಜಾಕಿಯ ವಿಷಯದಲ್ಲಿ ಮಾತ್ರ ಅಗ್ಗ ನೋಡಬೇಡಿ. ಕಾರಿನ ಜೊತೆ ಡಿಕ್ಕಿಯಲ್ಲಿ ಬರುವ ಜಾಕಿ ಇರುವುದು ಸ್ಟೆಪ್ನಿ ಹಾಕಲಿಕ್ಕೆ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವುದು ಪ್ರಾಣದ ಜೊತೆ ಆಟ. ಎರಡು ಟನ್ನಿನ ಹೈಡ್ರಾಲಿಕ್ ಟ್ರಾಲಿ ಜಾಕಿ ಮತ್ತು ಒಂದು ಜೊತೆ ಸ್ಟ್ಯಾಂಡ್, ಇವೆರಡೇ ನನ್ನ ಅರ್ಧದಷ್ಟು ಹಣ ತಿಂದವು. ಹೈಡ್ರಾಲಿಕ್ ಜಾಕಿಯೂ ಸೀಲ್ ಸೋರಿದರೆ ಇಳಿಯುತ್ತದೆ. ಎತ್ತುವುದು ಜಾಕಿ, ಹೊರುವುದು ಸ್ಟ್ಯಾಂಡ್. ಗಟ್ಟಿಯಾದ ಸಮತಟ್ಟು ನೆಲ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಮರದ ದಿಮ್ಮಿ. ಸ್ಟ್ಯಾಂಡ್ ಕೊಳ್ಳದಿದ್ದರೆ ಆಯಿಲ್ ಬದಲಾವಣೆಯನ್ನು ಗ್ಯಾರೇಜಿಗೆ ಬಿಟ್ಟುಬಿಡುವುದೇ ಲೇಸು.

ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೇವೆ ಎಂದು ಅಳೆಯುವ ಟಾರ್ಕ್ ರೆಂಚ್ ಬೇಕೇ ಎಂದು ಹಲವರು ಕೇಳುತ್ತಾರೆ. ಬೇಕು, ಆದರೆ ಮೊದಲ ದಿನವೇ ಅಲ್ಲ. ನನ್ನ ಕಾರಿನ ಕೈಪಿಡಿಯಲ್ಲಿ ಚಕ್ರದ ನಟ್ಟಿಗೆ 85 ನ್ಯೂಟನ್ ಮೀಟರ್ ಎಂದಿದೆ, ಆಯಿಲ್ ಇಳಿಸುವ ಬೋಲ್ಟಿಗೆ 35. ಆಯಿಲ್ ಬೋಲ್ಟನ್ನು ಮೈಮೇಲೆ ಬಂದವರಂತೆ ಬಿಗಿದು ಒಳಗಿನ ಸುರುಳಿ ಗೆರೆ (ಥ್ರೆಡ್) ಹಾಳಾದ, ಆಯಿಲ್ ನಿಲ್ಲುವ ಎಂಜಿನ್ ತಳದ ಸಂಪ್‌ಗಳನ್ನು ಗ್ಯಾರೇಜಿನಲ್ಲಿ ನೋಡಿದ ಮೇಲೆ ಕ್ಲಿಕ್ ಎನ್ನುವ ಮಾದರಿಯದನ್ನು ಕೊಂಡೆ. ಅಂಥ ರೆಂಚ್ ತನ್ನ ವ್ಯಾಪ್ತಿಯ ತೀರಾ ಕೆಳತುದಿಯಲ್ಲಿ ನಂಬಿಕೆಗೆ ಅರ್ಹವಲ್ಲ. 200ರವರೆಗಿನದರಲ್ಲಿ 35 ಅಳೆಯಲು ಹೋಗಬಾರದು. ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಸಡಿಲವಾಗುವಂತೆ ಕನಿಷ್ಠ ಅಳತೆಗೆ ತಿರುಗಿಸಿಡಬೇಕು.

ಕೊಟ್ಟ ಹಣಕ್ಕೆ ಅತಿ ಹೆಚ್ಚು ದುಡಿದದ್ದು ಮಾತ್ರ ಸ್ಪ್ಯಾನರ್ ಅಲ್ಲ, ವೋಲ್ಟ್ ಅಳೆಯುವ, ಕೆಲವು ನೂರು ರೂಪಾಯಿಯ ಮಲ್ಟಿಮೀಟರ್. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಆಗಿದೆ. ಎಂಜಿನ್ ಓಡುವಾಗ 14ರ ಆಸುಪಾಸು ಬಂದರೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ದುಡಿಯುತ್ತಿದೆ. ಕಾರು ಚಾಲೂ ಆಗದ ಬೆಳಗ್ಗೆ ಹೊಸ ಬ್ಯಾಟರಿಗೆ ಹಣ ಸುರಿಯುವ ಮೊದಲು ಮೊದಲ ಅಂಕಿ ನೋಡಿ, ಎಂಜಿನ್ ಓಡತೊಡಗಿದ ಮೇಲೆ ಎರಡನೆಯದನ್ನೂ ನೋಡಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಕೂರಿಸುವಾಗ ಮೈನಸ್ ಕೊನೆಗೆ. ಹಾಗೆ ಮಾಡಿದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೂ ಕಿಡಿ ಹಾರುವುದಿಲ್ಲ.

ಮಳೆಗಾಲದಲ್ಲಿ ಉಪಕರಣಗಳಿಗೇ ತುಕ್ಕು ಹಿಡಿಯುತ್ತದೆ. ಸ್ವಲ್ಪ ಎಂಜಿನ್ ಆಯಿಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಅದೇ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಇಳಿಸಿದ ಹಳೆಯ ಆಯಿಲ್ ಚರಂಡಿಗಲ್ಲ, ತೆಂಗಿನ ಬುಡಕ್ಕಂತೂ ಅಲ್ಲವೇ ಅಲ್ಲ. ಕ್ಯಾನಿನಲ್ಲಿ ತುಂಬಿ, ಬ್ರೇಕ್, ಕ್ಲಚ್ ಮತ್ತು ಎಸಿ ಕೆಲಸಕ್ಕೆ ಹೇಗೂ ಹೋಗುವ ಗ್ಯಾರೇಜಿಗೆ ಒಪ್ಪಿಸುತ್ತೇನೆ. ಅವರ ಬಳಿ ಅದನ್ನು ಸಂಗ್ರಹಿಸುವ ಬ್ಯಾರೆಲ್ ಇದೆ.