ದವಡೆ ಕೀಲಿನ ತೊಂದರೆಯೊಂದಿಗೆ ತಲೆ ತೇಲುವಾಗ ದಿನ ಕಳೆಯುವ ಬಗೆ

ಕೋರಿ ರೊಟ್ಟಿಯನ್ನು ಸಾರಿನಲ್ಲಿ ನೆನೆಯಲು ಬಿಡದೆ ಗರಿಗರಿಯಾಗಿಯೇ ಅಗಿಯುವ ಅಭ್ಯಾಸವಿದ್ದ ನನಗೆ, ಬಲಗಿವಿಯ ಮುಂದೆ ‘ಟಕ್’ ಎಂಬ ಸದ್ದು ಮೊದಲು ಕೇಳಿಸಿದ್ದು ಊಟದ ಹೊತ್ತಿನಲ್ಲಿಯೇ. ಕೆಲವು ವಾರಗಳ ಬಳಿಕ ಉಡುಪಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಕಾಲಡಿಯ ನೆಲ ದೋಣಿಯ ಹಲಗೆಯಂತೆ ಹೊಯ್ದಾಡಿತು. ಸುತ್ತಲಿನ ಜನರನ್ನೆಲ್ಲ ದೂರದ ಗದ್ದೆಯ ಬದುವಿನಿಂದ ಬಯಲಾಟ ನೋಡುವಂತೆ ನೋಡುತ್ತಿದ್ದೇನೆ, ನಾನು ಅವರ ನಡುವೆ ಇಲ್ಲ ಎಂದು ಅನ್ನಿಸಿತು. ಮನೆಯವರು ಪಿತ್ತ ಎಂದರು, ನೆರೆಯವರು ಬಿ.ಪಿ. ಲೋ ಎಂದರು. ಇಂಥ ಸ್ಥಿತಿಯಲ್ಲಿರುವವರು ಮೊದಲು ಮಾಡಬೇಕಾದದ್ದು ದವಡೆಯ ಸದ್ದು, ತಲೆಯ ತೇಲಾಟ, ‘ನಾನು ನಾನಲ್ಲ’ ಎಂಬ ಅನುಭವ, ಈ ಮೂರು ತೊಂದರೆಗಳನ್ನು ಒಂದೇ ಗಂಟಾಗಿ ಕಟ್ಟದೆ ಬಿಡಿಬಿಡಿಯಾಗಿ ನೋಡುವುದು.

ನಮ್ಮ ಮಾತಿನಲ್ಲಿ ‘ತಲೆ ತಿರುಗುವುದು’ ಎಂಬ ಒಂದೇ ಪದ ಹಲವು ಅನುಭವಗಳಿಗೆ ಬಳಕೆಯಾಗುತ್ತದೆ. ವೈದ್ಯರ ಮುಂದೆ ಇದನ್ನು ಬಿಡಿಸಿ ಹೇಳಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ಸುತ್ತಿ ಒಂದು ನಿಮಿಷದೊಳಗೆ ನಿಂತರೆ, ಒಳಗಿವಿಯ ಸೂಕ್ಷ್ಮ ಹರಳುಗಳು ಜಾಗ ತಪ್ಪಿರುವ ಸಾಧ್ಯತೆ ಹೆಚ್ಚು. ಅದನ್ನು ತಲೆಯನ್ನು ಕ್ರಮವಾಗಿ ತಿರುಗಿಸುವ ಎಪ್ಲಿ ವಿಧಾನದಿಂದ ಎಷ್ಟೋ ಸಲ ಒಂದೆರಡು ಭೇಟಿಯಲ್ಲಿಯೇ ಸರಿಪಡಿಸಬಹುದು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಮಲಗಿದ್ದಾಗಿನ ಮತ್ತು ನಿಂತು 3 ನಿಮಿಷದೊಳಗಿನ ರಕ್ತದೊತ್ತಡವನ್ನು ಹೋಲಿಸಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಗಣನೀಯ. ತಲೆನೋವು ಮತ್ತು ಬೆಳಕಿನ ಕಿರಿಕಿರಿಯೊಂದಿಗೆ ಬಂದರೆ ಮೈಗ್ರೇನ್ ಅನ್ನು ಯೋಚಿಸಬೇಕು. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಮತ್ತು ಬಿ12, ಈ ನಾಲ್ಕನ್ನು ನೋಡದೆ ‘ಕಾರಣವಿಲ್ಲ’ ಎಂಬ ತೀರ್ಮಾನಕ್ಕೆ ಬರಬಾರದು. ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಿಂದಲೇ ಇದನ್ನು ಆರಂಭಿಸಬಹುದು.

ಕೆಲವು ಲಕ್ಷಣಗಳಿಗೆ ಕಾಯುವ ಮಾತೇ ಇಲ್ಲ. ಮುಖ ಒಂದು ಕಡೆ ಜೋತುಬಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಹಿಂದೆಂದೂ ಕಾಣದ ತಲೆನೋವು ಹಠಾತ್ತನೆ ಬಂದರೆ 108ಕ್ಕೆ ಕರೆ ಮಾಡಬೇಕು. ಹತ್ತುವಾಗ ಅಥವಾ ನಡೆಯುವಾಗ ದವಡೆ ನೋವು ಬಂದು ನಿಂತಾಗ ಇಳಿದರೆ ಅದು ಹೃದಯದ ನೋವೂ ಆಗಿರಬಹುದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಅದೇ ದಿನ ಕಿವಿಯ ವೈದ್ಯರನ್ನು ಕಾಣಬೇಕು. ಐವತ್ತು ದಾಟಿದವರಿಗೆ ಅಗಿಯುವಾಗ ದವಡೆ ನೋವು, ಹೊಸದಾಗಿ ಕಣತಲೆಯಲ್ಲಿ (ಕಣ್ಣು ಮತ್ತು ಕಿವಿಯ ನಡುವಿನ ಭಾಗದಲ್ಲಿ) ತಲೆನೋವು, ದೃಷ್ಟಿ ಮಂದವಾಗುವುದು ಇವು ಒಟ್ಟಿಗೆ ಬಂದರೆ ಅದು ರಕ್ತನಾಳದ ಉರಿಯೂತವಾಗಿರಬಹುದು. ಅದಕ್ಕೂ ತಡ ಸಲ್ಲದು.

ಇನ್ನು ದವಡೆಯ ವಿಚಾರ. ಅದರ ಕೀಲು ಕಿವಿಯ ತೂತಿಗೆ ಬಹಳ ಹತ್ತಿರವಿದೆ. ಅದರ ಸ್ನಾಯುಗಳು ಬಿಗಿದಾಗ ಕಿವಿ ತುಂಬಿದಂತೆ, ತಲೆ ಭಾರವಾದಂತೆ ಅನ್ನಿಸುವುದು ಸಾಮಾನ್ಯ. ಆದರೆ ಕೀಲಿನ ತೊಂದರೆಯೇ ತಲೆ ತೇಲುವಿಕೆಗೆ ಕಾರಣ ಎಂಬುದು ಖಚಿತವಾಗಿ ಸ್ಥಾಪಿತವಾಗಿಲ್ಲ. ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ, ಆತಂಕ ಮತ್ತು ನಿದ್ರೆಗೇಡು ಎರಡನ್ನೂ ಬಿಗಿಗೊಳಿಸುತ್ತವೆ, ಅಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ಒಂದು ಚಿಕಿತ್ಸಾಲಯದಲ್ಲಿ ನನಗೆ ಹಿಂದಿನ ಹಲ್ಲುಗಳನ್ನೆಲ್ಲ ಸವೆಸಿ ಕಚ್ಚುವಿಕೆಯನ್ನು ಸರಿಪಡಿಸಿದರೆ ತಲೆಯೂ ಸರಿಹೋಗುತ್ತದೆ ಎಂದು ಮೊದಲ ಭೇಟಿಯಲ್ಲಿಯೇ ಹೇಳಿದ್ದರು. ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಹಿಂತಿರುಗಿಸಲಾಗದ ಯಾವ ಕೆಲಸಕ್ಕೂ ಒಪ್ಪುವ ಮೊದಲು ಮಂಗಳೂರು ಅಥವಾ ಮಣಿಪಾಲದ ದಂತ ವೈದ್ಯಕೀಯ ಕಾಲೇಜಿನ ಬಾಯಿರೋಗ ವಿಭಾಗದಲ್ಲಿ ಎರಡನೆಯ ಅಭಿಪ್ರಾಯ ಕೇಳುವುದು ಒಳ್ಳೆಯದು.

ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಮನೆಯಲ್ಲಿಯೇ ಅಳೆಯಬಹುದು: ನಿಮ್ಮದೇ ಮೂರು ಬೆರಳುಗಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ, ಅದರಲ್ಲೂ ಅಡಿಕೆ ಜಗಿಯುವವರಾಗಿದ್ದು ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಅದು ಕೀಲಿನ ತೊಂದರೆಯಲ್ಲದೆ ಅಡಿಕೆಯಿಂದ ಕೆನ್ನೆಯ ಒಳಪದರ ಗಟ್ಟಿಯಾಗುವ ರೋಗವಾಗಿರಬಹುದು. ಅದು ಕ್ಯಾನ್ಸರ್‌ಗೆ ತಿರುಗಬಲ್ಲದು. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳಿದರೆ ಮುನಿಸಿಕೊಳ್ಳುವವರಿದ್ದಾರೆ, ಆದರೂ ಹೇಳದಿರಲಾಗದು.

ದಿನದ ಆರೈಕೆ ಸರಳವಾದದ್ದು, ಬೇಸರ ತರುವಂಥದ್ದು. ಊಟ ಮತ್ತು ನುಂಗುವ ಹೊತ್ತು ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬೇಕಾಗಿಲ್ಲ. ತುಟಿ ಮುಚ್ಚಿರಲಿ, ಹಲ್ಲು ಬಿಡಿಯಾಗಿರಲಿ, ನಾಲಿಗೆಯ ತುದಿ ‘ಲ’ ಎನ್ನುವಾಗ ತಾಗುವ ಜಾಗದಲ್ಲಿ ಹಗುರವಾಗಿ ನಿಂತಿರಲಿ. ನಾನು ಕಂಪ್ಯೂಟರಿನ ಅಂಚಿಗೆ ಒಂದು ಕೆಂಪು ಬಿಂದಿ ಅಂಟಿಸಿದ್ದೇನೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ಬಿಗಿದಿದೆಯೇ ಎಂದು ನೋಡಿಕೊಳ್ಳುತ್ತೇನೆ, ಮೊದಲ ವಾರ ಬಹುಪಾಲು ಸಲ ಬಿಗಿದೇ ಇತ್ತು. ಬಿಸಿ ಬಟ್ಟೆಯನ್ನು ದಿನಕ್ಕೆ ಎರಡು ಸಲ 15 ನಿಮಿಷ ಇಡಬಹುದು. ಆಕಳಿಸುವಾಗ ಗಲ್ಲಕ್ಕೆ ಕೈಯಾಸರೆ ಕೊಡಬೇಕು. ನೋವು ಹೆಚ್ಚಿದ ವಾರಗಳಲ್ಲಿ ಚಕ್ಕುಲಿ, ಹಲಸಿನ ಹಪ್ಪಳ, ಕಬ್ಬು ದೂರವಿರಲಿ. ನೀರುದೋಸೆ, ಮೂಡೆ, ಕುಚ್ಚಲಕ್ಕಿ ಗಂಜಿ ಸಾಕು. ರಾತ್ರಿ ಹಲ್ಲು ಕಡಿಯುವವರು ದಂತವೈದ್ಯರು ಅಳತೆ ತೆಗೆದು ಮಾಡಿಕೊಟ್ಟ ಕವಚವನ್ನೇ ಬಳಸಬೇಕು.

ಪರೀಕ್ಷೆಗಳೆಲ್ಲ ಸರಿಯಾಗಿದ್ದರೂ ತೇಲಾಟವು ಮೂರು ತಿಂಗಳಿಗೂ ಹೆಚ್ಚು ಕಾಲ, ಬಹುತೇಕ ದಿನ ಉಳಿದರೆ, ನಿಂತಾಗ, ಚಲಿಸುವಾಗ, ಸೂಪರ್‌ಮಾರ್ಕೆಟ್ಟಿನ ಸಾಲು ಕಪಾಟುಗಳ ನಡುವೆ ಹೆಚ್ಚಾದರೆ, ಅದಕ್ಕೊಂದು ಹೆಸರಿದೆ. ನರ ಮತ್ತು ಕಿವಿಯ ವೈದ್ಯರು ಅದನ್ನು ಪಿಪಿಪಿಡಿ (ಪರ್ಸಿಸ್ಟೆಂಟ್ ಪೋಸ್ಚರಲ್-ಪರ್ಸೆಪ್ಚುಯಲ್ ಡಿಜಿನೆಸ್, ಅಂದರೆ ಬಿಡದೆ ಉಳಿಯುವ ತೇಲಾಟ) ಎನ್ನುತ್ತಾರೆ. 2017ರಲ್ಲಿ ಸಮತೋಲನದ ತೊಂದರೆಗಳನ್ನು ಅಧ್ಯಯನ ಮಾಡುವ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಬರಾನಿ ಸೊಸೈಟಿ ಅದರ ಲಕ್ಷಣಗಳನ್ನು ನಿಗದಿಪಡಿಸಿತು. ಒಮ್ಮೆ ಸಮತೋಲನ ಕೆಟ್ಟಾಗ ಮಿದುಳು ಎಚ್ಚರಿಕೆಯಿಂದ ಕಣ್ಣನ್ನೇ ನೆಚ್ಚತೊಡಗಿ, ಕೆಟ್ಟದ್ದು ಸರಿಯಾದ ಮೇಲೂ ಆ ಎಚ್ಚರಿಕೆಯನ್ನು ಬಿಡದಿರುವುದು ಅದರ ಒಳಗುಟ್ಟು. ಆದ್ದರಿಂದ ಮನೆಯಲ್ಲಿ ಕುಳಿತುಬಿಡುವುದು ಇದಕ್ಕೆ ಆಹಾರ ಹಾಕಿದಂತೆ. ತಲೆ ತಿರುಗುವಿಕೆಯನ್ನು ತಡೆಯುವ ಮಾತ್ರೆಗಳನ್ನು ತಿಂಗಳುಗಟ್ಟಲೆ ಸ್ವಂತವಾಗಿ ನುಂಗಿದರೆ ಮಿದುಳು ಹೊಂದಿಕೊಳ್ಳುವುದು ನಿಧಾನವಾಗುತ್ತದೆ. ಸಮತೋಲನದ ವ್ಯಾಯಾಮ ಮತ್ತು ಅಗತ್ಯವಿದ್ದರೆ ಮನೋವೈದ್ಯರ ಔಷಧಿ ಹೆಚ್ಚು ನೆರವಾಗುತ್ತವೆ.

ನಾನು ಮಲ್ಪೆಯ ಮರಳಿನಲ್ಲಿ ನಡೆಯುವುದರಿಂದ ಆರಂಭಿಸಿದೆ. ಕಾಲ ಬುಡದಿಂದ ಹಿಂದೆ ಸರಿಯುವ ನೊರೆಯನ್ನು ನೋಡಿದರೆ ತಲೆ ಕೆಡುತ್ತದೆ, ದಿಗಂತವನ್ನು ನೋಡಿದರೆ ನಿಲ್ಲುತ್ತದೆ. ಮಂಗಳೂರು–ಉಡುಪಿ ಬಸ್ಸಿನಲ್ಲಿಯೂ ಅದೇ ಲೆಕ್ಕ: ಮುಂದಿನ ಸೀಟು, ದೂರದ ರಸ್ತೆ, ಮೊಬೈಲ್ ಕಿಸೆಯೊಳಗೆ. ಮೊದಲು ಎರಡು ನಿಲ್ದಾಣ, ಆಮೇಲೆ ನಾಲ್ಕು. ಕೋಣೆ ಸುತ್ತುವ ದಿನಗಳಲ್ಲಿ ದ್ವಿಚಕ್ರ ವಾಹನ ಮುಟ್ಟಬಾರದು. ಮಳೆಗಾಲದಲ್ಲಿ ಪಾಚಿ ಹಿಡಿದ ಕೆಂಪುಕಲ್ಲಿನ ಮೆಟ್ಟಿಲು ಇಳಿಯುವಾಗ ಒಂದು ಕೈ ಗೋಡೆಯ ಮೇಲಿರಬೇಕು.

‘ನಾನು ನಾನಲ್ಲ’ ಎಂಬ ಅನುಭವವೇ ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ, ಏಕೆಂದರೆ ಅದನ್ನು ಮನೆಯವರಿಗೆ ಹೇಳಲು ಮಾತೇ ಸಿಗುವುದಿಲ್ಲ. ‘ಹಾಗೆ ಅನ್ನಿಸುತ್ತಿದೆ, ನಿಜದಲ್ಲಿ ಹಾಗಿಲ್ಲ’ ಎಂಬ ತಿಳಿವು ಉಳಿದಿರುವುದರಿಂದ ಇದು ಹುಚ್ಚಿನ ಆರಂಭವಲ್ಲ. ಆತಂಕ, ನಿದ್ರೆಗೇಡು, ಮೈಗ್ರೇನ್, ಒಳಗಿವಿಯ ತೊಂದರೆ, ಇವುಗಳ ಜೊತೆಗೆ ಇದು ಬರುತ್ತದೆ. ಆದರೆ ನಡುವೆ ನೆನಪು ತಪ್ಪುವುದು, ಕೈಕಾಲು ಅದುರುವುದು ಇದ್ದರೆ ನರತಜ್ಞರಿಗೆ ತಿಳಿಸಬೇಕು. ಕನ್ನಡಿಯ ಮುಂದೆ ನಿಂತು ‘ಸರಿಹೋಯಿತೇ’ ಎಂದು ಪರೀಕ್ಷಿಸುವ ಚಟವನ್ನು ಬಿಡಬೇಕು. ಕೈಯಲ್ಲಿದ್ದ ಕೆಲಸವನ್ನು, ತರಕಾರಿ ಹೆಚ್ಚುವುದಾಗಲಿ ಬಟ್ಟೆ ಮಡಚುವುದಾಗಲಿ, ಆ ಅನುಭವ ಇರುವಾಗಲೂ ಮುಂದುವರಿಸಬೇಕು. ತಡರಾತ್ರಿಯ ಎಚ್ಚರ ಮತ್ತು ಲೆಕ್ಕವಿಲ್ಲದ ಕಾಫಿ ಇದನ್ನು ಕೆಣಕುತ್ತವೆ. ಮಾತಾಡಲು ಯಾರೂ ಇಲ್ಲದ ಹೊತ್ತಿನಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ವೈದ್ಯರ ಭೇಟಿಗೆ ಮೊದಲು ಎರಡು ವಾರ ಮಾತ್ರ ದಿನಕ್ಕೆ ಮೂರು ಸಾಲಿನಂತೆ ಬರೆದಿಡಿ: ನಿದ್ರೆ ಎಷ್ಟು, ದವಡೆ ಹೇಗಿತ್ತು, ತೇಲಾಟ ಯಾವಾಗ ಬಂದು ಎಷ್ಟು ಹೊತ್ತು ಇತ್ತು. ಅದಕ್ಕಿಂತ ಹೆಚ್ಚು ಬರೆದರೆ ರೋಗವನ್ನು ಕಾಯುತ್ತ ಕುಳಿತಂತಾಗುತ್ತದೆ. ಆ ಪುಸ್ತಕವನ್ನು ವೈದ್ಯರ ಕೈಗೆ ಕೊಟ್ಟ ಮೇಲೆ ಮರಳಿ ಮನೆಗೆ ತರುವ ಅಗತ್ಯವಿಲ್ಲ.