ಎನ್‌ಜಿಎಲ್ ಮಾರುಕಟ್ಟೆ ಎತ್ತ ಸಾಗುತ್ತಿದೆ: ನೀವೇ ಲೆಕ್ಕ ಹಾಕುವ ಬಗೆ

ನೈಸರ್ಗಿಕ ಅನಿಲದ ಜೊತೆ ಮೇಲೆ ಬಂದು ಸಂಸ್ಕರಣಾ ಘಟಕದಲ್ಲಿ ಬೇರ್ಪಡುವ ದ್ರವಗಳೇ ನ್ಯಾಚುರಲ್ ಗ್ಯಾಸ್ ಲಿಕ್ವಿಡ್ಸ್, ಚಿಕ್ಕದಾಗಿ ಎನ್‌ಜಿಎಲ್. ಬಾವಿ ಕೊರೆಯುವುದು ಹೆಚ್ಚಾಗಿ ಕಚ್ಚಾ ತೈಲಕ್ಕೋ ಅನಿಲಕ್ಕೋ. ಇವು ಬೆನ್ನಿಗೆ ಬರುವ ಉಪಉತ್ಪನ್ನ. ಹಾಗಾಗಿ ಇವುಗಳಲ್ಲೊಂದಾದ ಪ್ರೊಪೇನಿನ ಬೆಲೆ ಅರ್ಧಕ್ಕಿಳಿದರೂ ಪ್ರೊಪೇನ್ ಉತ್ಪಾದನೆ ತಕ್ಷಣ ಇಳಿಯುವುದಿಲ್ಲ. ಬೇಡಿಕೆಯೇ ಬೆಲೆಗೆ ಹೊಂದಿಕೊಳ್ಳಬೇಕು. ಇದನ್ನು ಮರೆತು, ಬೆಲೆ ಇಳಿದರೆ ಪೂರೈಕೆಯೂ ಇಳಿಯುತ್ತದೆ ಎಂದು ನಂಬಿ ಬರೆದ ಮುನ್ನೋಟಗಳು ಬಹುಬೇಗ ಹಳಿ ತಪ್ಪುತ್ತವೆ.

ಮೊದಲು ಬ್ಯಾರೆಲ್ ಒಡೆಯಿರಿ

ಈಥೇನ್, ಪ್ರೊಪೇನ್, ನಾರ್ಮಲ್ ಬ್ಯೂಟೇನ್, ಐಸೊಬ್ಯೂಟೇನ್, ನ್ಯಾಚುರಲ್ ಗ್ಯಾಸೊಲೀನ್: ಐದಕ್ಕೂ ಕೊಳ್ಳುವವರು ಬೇರೆ, ಋತು ಬೇರೆ. ಅಮೆರಿಕದ ಮಿಶ್ರ ಬ್ಯಾರೆಲಿನಲ್ಲಿ ಈಥೇನ್ ಸುಮಾರು ಶೇ 40, ಪ್ರೊಪೇನ್ ಸುಮಾರು ಶೇ 30. ಉಳಿದದ್ದು ಮಿಕ್ಕ ಮೂರರದು. 'ಎನ್‌ಜಿಎಲ್ ಬೆಲೆ' ಎಂಬ ಒಂದೇ ಸಾಲು ಹಿಡಿದು ಹೊರಟರೆ ಏನೂ ಕಾಣಿಸದು. ಐದಕ್ಕೂ ಪ್ರತ್ಯೇಕ ಕಾಲಂ ಇಡಿ.

ಅಳತೆಗಳನ್ನೂ ಆಗಲೇ ಸರಿಮಾಡಿಕೊಳ್ಳಿ. ಅಮೆರಿಕದಲ್ಲಿ ಬೆಲೆ ಗ್ಯಾಲನ್‌ಗೆ ಸೆಂಟ್, ಏಷ್ಯಾದಲ್ಲಿ ಟನ್‌ಗೆ ಡಾಲರ್. ಬ್ಯಾರೆಲಿಗೆ 42 ಗ್ಯಾಲನ್. ಒಂದು ಟನ್ ಪ್ರೊಪೇನ್ ಎಂದರೆ ಸುಮಾರು 521 ಗ್ಯಾಲನ್, 12.4 ಬ್ಯಾರೆಲ್. ಒಂದು ಟನ್ ಈಥೇನ್ ಸುಮಾರು 17.7 ಬ್ಯಾರೆಲ್. ಈಥೇನಿಗೂ ಪ್ರೊಪೇನಿನ ಗುಣಕವನ್ನೇ ಹಾಕಿಬಿಡುವುದು ಬಹಳ ಸಾಮಾನ್ಯ ತಪ್ಪು. ಶೇ 30ರ ವ್ಯತ್ಯಾಸ ಯಾರ ಕಣ್ಣಿಗೂ ಬೀಳದೆ ಒಳಗೆ ಸೇರಿಕೊಳ್ಳುತ್ತದೆ.

ಪೂರೈಕೆ: ಅನಿಲದಿಂದ ಆರಂಭಿಸಿ

ಸಾವಿರ ಘನ ಅಡಿ ಅನಿಲದಲ್ಲಿ ಎಷ್ಟು ಗ್ಯಾಲನ್ ದ್ರವವಿದೆ ಎಂಬುದು ಮೂಲ ಸಂಖ್ಯೆ. ದಿನಕ್ಕೆ 20 ಕೋಟಿ ಘನ ಅಡಿ ಸಂಸ್ಕರಿಸುವ ಘಟಕಕ್ಕೆ 5 ಗ್ಯಾಲನ್ ದ್ರವವಿರುವ ಅನಿಲ ಬಂದರೆ ಒಟ್ಟು 10 ಲಕ್ಷ ಗ್ಯಾಲನ್, ಅಂದರೆ ಸುಮಾರು 23,800 ಬ್ಯಾರೆಲ್. ಅದರಲ್ಲಿ 2.2 ಗ್ಯಾಲನ್ ಈಥೇನ್ ಆಗಿದ್ದರೆ ಸುಮಾರು 10,500 ಬ್ಯಾರೆಲ್ ಈಥೇನಿನದೇ. ಆ ಪಾಲು ಮಾತ್ರ ಬೆಲೆಯ ಮಾತು ಕೇಳುತ್ತದೆ. ಲಾಭವಿಲ್ಲದಿದ್ದರೆ ಘಟಕದವರು ಈಥೇನನ್ನು ಬೇರ್ಪಡಿಸದೆ ಅನಿಲದಲ್ಲೇ ಬಿಟ್ಟು ಮಾರುತ್ತಾರೆ. ಇದಕ್ಕೆ ಈಥೇನ್ ರಿಜೆಕ್ಷನ್ ಎನ್ನುತ್ತಾರೆ.

ಇದರ ಲೆಕ್ಕವನ್ನು ತಾಳ್ಮೆಯಿಂದ ಮಾಡಬೇಕು. ಒಂದು ಗ್ಯಾಲನ್ ಈಥೇನಿನಲ್ಲಿ ಸುಮಾರು 66,000 ಬಿಟಿಯು (ಶಾಖದ ಅಳತೆ) ಶಾಖವಿದೆ. ಅನಿಲದ ಬೆಲೆ ಹತ್ತು ಲಕ್ಷ ಬಿಟಿಯುಗೆ 3 ಡಾಲರ್ ಇದ್ದರೆ, ಇಂಧನವಾಗಿ ಆ ಈಥೇನಿನ ಬೆಲೆ 3 × 6.6, ಅಂದರೆ 19.8 ಸೆಂಟ್. ಅಮೆರಿಕದ ಮುಖ್ಯ ಎನ್‌ಜಿಎಲ್ ವಹಿವಾಟು ಕೇಂದ್ರವಾದ ಮಾಂಟ್ ಬೆಲ್ವ್ಯೂನ ಬೆಲೆ 24 ಸೆಂಟ್, ಸಾಗಣೆ ಮತ್ತು ಬೇರ್ಪಡಿಸುವ ಶುಲ್ಕ 8 ಸೆಂಟ್ ಎಂದಿಟ್ಟುಕೊಳ್ಳಿ. ಕೈಗೆ ಬರುವುದು 16 ಸೆಂಟ್. ಹಾಗಾದರೆ ಅನಿಲದಲ್ಲೇ ಬಿಡುವುದು ಲಾಭ. ಆದರೆ ಪೈಪ್‌ಲೈನಿನಲ್ಲಿ ಸರಕು ಹಾಕಿದರೂ ಹಾಕದಿದ್ದರೂ ಶುಲ್ಕ ಕಟ್ಟಲೇಬೇಕೆಂಬ ಕರಾರು ಇದ್ದರೆ, ಆ 8 ಸೆಂಟ್ ಹೇಗೂ ಹೋದ ಹಣ. ಆಗ ಹೋಲಿಕೆ 24 ಮತ್ತು 19.8ರ ನಡುವೆ, ಬೇರ್ಪಡಿಸುವುದೇ ಸರಿ. ಒಂದೇ ಬೆಲೆ, ಅಕ್ಕಪಕ್ಕದ ಎರಡು ಘಟಕ, ಎರಡು ತದ್ವಿರುದ್ಧ ನಿರ್ಧಾರ. ನಿಮ್ಮ ಲೆಕ್ಕ ಹೇಳಿದಷ್ಟು ಈಥೇನ್ ಮಾರುಕಟ್ಟೆಯಿಂದ ಮಾಯವಾಗದಿದ್ದರೆ ಮೊದಲು ಈ ಕರಾರುಗಳತ್ತ ನೋಡಿ. ಜೊತೆಗೆ, ಅನಿಲ ಪೈಪ್‌ಲೈನುಗಳು ಶಾಖಮೌಲ್ಯಕ್ಕೆ ಮಿತಿ ಹಾಕಿರುವುದರಿಂದ ಎಲ್ಲ ಈಥೇನನ್ನೂ ಅನಿಲದಲ್ಲಿ ತುಂಬಲಾಗದು.

ಬೇಡಿಕೆ: ಘಟಕಗಳನ್ನು ಎಣಿಸಿ

ಶೇಕಡಾವಾರು ಬೆಳವಣಿಗೆ ದರ ಹಾಕುವ ಬದಲು ಯಂತ್ರಸ್ಥಾವರಗಳನ್ನೇ ಎಣಿಸಿ. ಪ್ಲಾಸ್ಟಿಕ್ಕಿನ ಕಚ್ಚಾವಸ್ತುವಾದ ಎಥಿಲೀನ್ ಒಂದು ಟನ್ ಸಿಗಲು ಸುಮಾರು 1.28 ಟನ್ ಈಥೇನ್ ಬೇಕು. ವರ್ಷಕ್ಕೆ 15 ಲಕ್ಷ ಟನ್ ಎಥಿಲೀನ್ ತೆಗೆಯುವ ಕ್ರ್ಯಾಕರ್ (ಈಥೇನನ್ನು ಕಾಯಿಸಿ ಒಡೆಯುವ ಸ್ಥಾವರ) ಪೂರ್ಣ ಸಾಮರ್ಥ್ಯದಲ್ಲಿ ದಿನಕ್ಕೆ ಸುಮಾರು 93,000 ಬ್ಯಾರೆಲ್ ಈಥೇನ್ ನುಂಗುತ್ತದೆ. ಶೇ 90ರಲ್ಲಿ ನಡೆದರೆ 84,000. ಪ್ರೊಪೇನಿನಿಂದ ಪ್ರೊಪಿಲೀನ್ ಮಾಡುವ ಪಿಡಿಎಚ್ ಸ್ಥಾವರಗಳು ಚೀನಾದಲ್ಲಿ ಬಹಳಷ್ಟಿವೆ. ವರ್ಷಕ್ಕೆ 6 ಲಕ್ಷ ಟನ್ನಿನ ಒಂದಕ್ಕೆ ದಿನಕ್ಕೆ ಸುಮಾರು 24,500 ಬ್ಯಾರೆಲ್ ಪ್ರೊಪೇನ್ ಬೇಕು. ಸ್ಥಾವರ ಕಟ್ಟಿದ್ದಾರೆ ಎಂದ ಮಾತ್ರಕ್ಕೆ ಅದು ಓಡುತ್ತದೆ ಎಂದಲ್ಲ. ಲಾಭಾಂಶ ಋಣಾತ್ಮಕವಾದರೆ ಓಟ ತಗ್ಗಿಸುತ್ತಾರೆ. ನಾಫ್ತಾ (ಕಚ್ಚಾ ತೈಲದಿಂದ ಬರುವ ಹಗುರ ದ್ರವ), ಪ್ರೊಪೇನ್ ಎರಡನ್ನೂ ಬಳಸಬಲ್ಲ ಕ್ರ್ಯಾಕರುಗಳು ಪ್ರೊಪೇನ್ ಟನ್‌ಗೆ ಸುಮಾರು 50 ಡಾಲರ್ ಅಗ್ಗವಾದಾಗ ಅತ್ತ ವಾಲುತ್ತವೆ ಎಂಬುದು ವ್ಯಾಪಾರಿಗಳ ಲೆಕ್ಕ.

ಉಳಿದವು ಚಿಕ್ಕವು. ನಾರ್ಮಲ್ ಬ್ಯೂಟೇನ್ ಚಳಿಗಾಲದ ಪೆಟ್ರೋಲಿಗೆ ಬೆರೆಯುತ್ತದೆ, ಐಸೊಬ್ಯೂಟೇನ್ ರಿಫೈನರಿಯಲ್ಲಿ ಉತ್ತಮ ಗುಣದ ಪೆಟ್ರೋಲ್ ಅಂಶ ಮಾಡುವ ಆಲ್ಕಿಲೇಷನ್ ಘಟಕಕ್ಕೆ ಹೋಗುತ್ತದೆ, ನ್ಯಾಚುರಲ್ ಗ್ಯಾಸೊಲೀನ್ ಕೆನಡಾದ ದಪ್ಪ ತೈಲವನ್ನು ತೆಳುಮಾಡಲು ಬೇಕು.

ದಾಸ್ತಾನು ಓದುವಾಗ

ಅಮೆರಿಕದ ಇಂಧನ ಮಾಹಿತಿ ಆಡಳಿತ ಇಐಎ ಪ್ರತಿ ವಾರ ಪ್ರೊಪೇನ್ ದಾಸ್ತಾನು ಪ್ರಕಟಿಸುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ತುಂಬುತ್ತದೆ, ನಂತರ ಕರಗುತ್ತದೆ. ಆದ್ದರಿಂದ ಹಿಂದಿನ ವಾರದ ಜೊತೆಗಲ್ಲ, ಕಳೆದ ಐದು ವರ್ಷಗಳ ಇದೇ ವಾರದ ಜೊತೆ ಹೋಲಿಸಿ. 'ಎಷ್ಟು ದಿನಕ್ಕೆ ಸಾಕು' ಎಂಬ ಲೆಕ್ಕದಲ್ಲಿ ರಫ್ತನ್ನು ಸೇರಿಸಲೇಬೇಕು. 8 ಕೋಟಿ ಬ್ಯಾರೆಲ್ ದಾಸ್ತಾನು, ದಿನಕ್ಕೆ 8 ಲಕ್ಷ ದೇಶೀಯ ಬಳಕೆ ಎಂದರೆ 100 ದಿನ. 18 ಲಕ್ಷ ರಫ್ತು ಸೇರಿದರೆ 31 ದಿನಕ್ಕೂ ಕಡಿಮೆ. ವಾರದ ದೇಶೀಯ ಬಳಕೆ ಎಂದು ಕಾಣುವುದು ನೇರವಾಗಿ ಅಳೆದದ್ದಲ್ಲ, ಉಳಿದ ಅಂಕಿಗಳಿಂದ ಕಳೆದು ಬಂದ ಶೇಷ. ಹಡಗುಗಳ ಲೆಕ್ಕ ತಡವಾದರೆ ಬಳಕೆ ಸುಳ್ಳೇ ಉಬ್ಬುತ್ತದೆ. ನಾಲ್ಕು ವಾರಗಳ ಸರಾಸರಿ ಹಿಡಿಯಿರಿ.

ಒಟ್ಟು ದಾಸ್ತಾನು ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. 2013ರ ಶರತ್ಕಾಲದಲ್ಲಿ ಒದ್ದೆಯಾದ ಮೆಕ್ಕೆಜೋಳ ಒಣಗಿಸಲು ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಪ್ರೊಪೇನ್ ಅಪಾರವಾಗಿ ಖರ್ಚಾಯಿತು, ಹಿಂದೆಯೇ ಕಡುಚಳಿ ಬಂತು. 2014ರ ಜನವರಿಯಲ್ಲಿ ಕ್ಯಾನ್ಸಸ್‌ನ ಕಾನ್ವೇ ಕೇಂದ್ರದಲ್ಲಿ ಬೆಲೆ ಗ್ಯಾಲನ್‌ಗೆ 4 ಡಾಲರ್ ದಾಟಿದಾಗ ಟೆಕ್ಸಸ್‌ನ ಮಾಂಟ್ ಬೆಲ್ವ್ಯೂನಲ್ಲಿ ಅದರ ಅರ್ಧವೂ ಇರಲಿಲ್ಲ. ಸರಕು ಇತ್ತು, ಬೇಕಾದ ಕಡೆಗೆ ಒಯ್ಯುವ ದಾರಿ ಇರಲಿಲ್ಲ.

ರಫ್ತಿನ ದಾರಿ ಮುಚ್ಚಿದೆಯೇ ನೋಡಿ

ಮಾಂಟ್ ಬೆಲ್ವ್ಯೂನಲ್ಲಿ ಪ್ರೊಪೇನ್ ಗ್ಯಾಲನ್‌ಗೆ 75 ಸೆಂಟ್ ಎಂದರೆ ಟನ್‌ಗೆ 391 ಡಾಲರ್. ಬಂದರು ಶುಲ್ಕ 8 ಸೆಂಟ್, ಅಂದರೆ 42 ಡಾಲರ್. ಹಡಗು ಬಾಡಿಗೆ 110 ಡಾಲರ್. ಒಟ್ಟು 543. ಏಷ್ಯಾದಲ್ಲಿ 560 ಸಿಕ್ಕರೆ 17 ಡಾಲರ್ ಉಳಿಯುತ್ತದೆ, ಸರಕು ಹೊರಡುತ್ತದೆ. ಆದರೆ ಬಂದರಿನ ಸಾಮರ್ಥ್ಯ ತುಂಬಿಹೋದರೆ ಏಷ್ಯಾದ ಬೆಲೆ ಏರಿದರೂ ಅಮೆರಿಕದ ಬೆಲೆ ಏರದು. ಆ ಅಂತರವೆಲ್ಲ ಬಂದರಿನ ಮಾಲೀಕರಿಗೆ ಹೋಗುತ್ತದೆ. ಅಡ್ಡಿ ಹಡಗಿನಲ್ಲಿದ್ದರೆ ಲಾಭ ಹಡಗಿನವರದು: 2023ರಲ್ಲಿ ಬರದಿಂದ ಪನಾಮಾ ಕಾಲುವೆಯ ಸಂಚಾರ ಕಡಿತವಾದಾಗ ದೊಡ್ಡ ಅನಿಲ ಹಡಗುಗಳ ಬಾಡಿಗೆ ಗಗನಕ್ಕೇರಿದ್ದು ಹೀಗೆಯೇ. ಈಥೇನಿನ ವಿಷಯದಲ್ಲಿ ಅಡ್ಡಿ ಸರ್ಕಾರದಿಂದಲೂ ಬರಬಹುದು: 2025ರ ಮಧ್ಯದಲ್ಲಿ ಚೀನಾಕ್ಕೆ ಈಥೇನ್ ಕಳಿಸಲು ಅಮೆರಿಕ ಪರವಾನಗಿ ಕಡ್ಡಾಯ ಮಾಡಿ, ಕೆಲವೇ ವಾರಗಳಲ್ಲಿ ಹಿಂತೆಗೆದುಕೊಂಡಿತು.

ಹಾಗಾಗಿ ಮುನ್ನೋಟದ ಹಾಳೆಯಲ್ಲಿ ಪ್ರತಿ ತ್ರೈಮಾಸಿಕಕ್ಕೂ ಬಾವಿ, ಸಂಸ್ಕರಣಾ ಘಟಕ, ಪೈಪ್‌ಲೈನ್, ಫ್ರ್ಯಾಕ್ಷನೇಟರ್ (ಮಿಶ್ರ ದ್ರವವನ್ನು ಐದಾಗಿ ಬೇರ್ಪಡಿಸುವ ಘಟಕ), ಬಂದರು, ಹಡಗು ಇವುಗಳ ಸಾಮರ್ಥ್ಯವನ್ನು ಸಾಲಾಗಿ ಬರೆದು ಅತಿ ಚಿಕ್ಕದಕ್ಕೆ ಗುರುತು ಹಾಕಿ. ಹೊಸ ಬಂದರು ತೆರೆಯುವ ತ್ರೈಮಾಸಿಕದಲ್ಲಿ ಆ ಗುರುತು ಬೇರೆ ಕಡೆಗೆ ಸರಿಯುತ್ತದೆ. ಬೆಲೆಗಳ ಅಂತರದ ಅಂದಾಜನ್ನು ಅಲ್ಲಿಂದ ಮುಂದಕ್ಕೆ ಹೊಸದಾಗಿ ಹಾಕಿ.